ಹಿಮಪಾತ: ಒಂದು ಮಾತು, ಎರಡು ಅರ್ಥ

ಮೊನ್ನೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು, "ಹಿಮಪಾತವೆಂದರೆ ಹಿಮ ಸುರಿಯುವುದೋ, ಹಿಮದ ರಾಶಿಯೇ ಬೆಟ್ಟದಿಂದ ಜಾರಿ ಬೀಳುವುದೋ, ಸಾರ್?" ಎಂದು ಕೇಳಿದನು. ನಮ್ಮ ಪತ್ರಿಕೆಗಳು ಎರಡಕ್ಕೂ ಅದೊಂದೇ ಮಾತನ್ನು ಬಳಸುತ್ತವೆ. ಮೊದಲನೆಯದು ಅರಳೆಯಂತೆ ಸದ್ದಿಲ್ಲದೆ ಇಳಿಯುವಂಥದು. ಎರಡನೆಯದು ಊರನ್ನೇ ನುಂಗುವಂಥದು. ಭೇದವನ್ನು ಬಿಡಿಸಿ ಹೇಳಹೊರಟ ನನಗೆ ಆಸ್ಟ್ರಿಯಾ ದೇಶದ ಗಾಲ್ಟ್ಯೂರ್ ಎಂಬ ಹಳ್ಳಿಯ ನೆನಪಾಯಿತು.

ಆಲ್ಪ್ಸ್ ಪರ್ವತಗಳ ನಡುವೆ, ಸುಮಾರು 1,580 ಮೀಟರ್ ಎತ್ತರದಲ್ಲಿರುವ ಊರು ಅದು. ಚಳಿಗಾಲದಲ್ಲಿ ಹಿಮದ ಮೇಲೆ ಜಾರಾಟಕ್ಕೆಂದು ಬರುವ ಅತಿಥಿಗಳಿಂದಲೇ ಅಲ್ಲಿಯವರ ಜೀವನ. 1999ರ ಜನವರಿಯ ಕೊನೆಯಿಂದ ಬಿರುಗಾಳಿಯ ಮೇಲೆ ಬಿರುಗಾಳಿ ಬೀಸಿ, ಕೆಲವೇ ವಾರಗಳಲ್ಲಿ ಸುಮಾರು 4 ಮೀಟರ್ ಹಿಮ ಸುರಿಯಿತು. ಕಣಿವೆಯ ದಾರಿ ಮುಚ್ಚಿತು. ಬಂದವರು ಹಿಂದಿರುಗಲಾರದೆ ಉಳಿದರು.

ಬೀಳುವ ಹಿಮಕ್ಕಿಂತ ಗಾಳಿ ಹೊತ್ತು ತರುವ ಹಿಮ ಹೆಚ್ಚು ಕೇಡಿನದು. ಬೆಟ್ಟದ ಒಂದು ಮಗ್ಗುಲಿನಿಂದ ಎತ್ತಿದ್ದನ್ನು ಗಾಳಿಯು ಮರೆಯಾದ ಇನ್ನೊಂದು ಮಗ್ಗುಲಿನ ಮೇಲೆ ಹೇರುತ್ತದೆ. ಅಡಿಯಲ್ಲಿ ಹಳೆಯ ಹಿಮದ ದುರ್ಬಲ ಪದರವಿದ್ದರೆ, ಮೇಲಿನ ಹೊರೆ ಹಲಗೆಯಂತೆ ಬಿರಿದು ಕೆಳಕ್ಕೆ ಧಾವಿಸುತ್ತದೆ. ತೀರ ಕಡಿದಾದ ಬಂಡೆಯ ಮೇಲೆ ಹಿಮ ನಿಲ್ಲುವುದೇ ಇಲ್ಲ. 30ರಿಂದ 45 ಡಿಗ್ರಿಗಳ ಇಳಿಜಾರಿನದೇ ಭಯ. (ನುರಿತ ಜಾರಾಟಗಾರರಿಗೆ ಪ್ರಿಯವಾದ ಇಳಿಜಾರೂ ಬಹುಮಟ್ಟಿಗೆ ಅದೇ!)

ಫೆಬ್ರವರಿ 23ರ ಸಂಜೆ ನಾಲ್ಕರ ಸುಮಾರಿಗೆ ಅದು ಗಾಲ್ಟ್ಯೂರಿನ ಮೇಲೆರಗಿತು. 31 ಮಂದಿ ಮಡಿದರು. ಅವರು ಶಿಖರವೇರಲು ಹೊರಟವರಲ್ಲ. ಮನೆಗಳಲ್ಲಿ, ಬೀದಿಗಳಲ್ಲಿ ಇದ್ದವರು. ಊರಿಗೆ ಅಪಾಯದ ನಕ್ಷೆಯೂ ಇಲ್ಲದಿರಲಿಲ್ಲ. ಹಿಮರಾಶಿಯು ಅದರ ಗೆರೆಯನ್ನು ದಾಟಿ, ನಿರ್ಭಯವೆಂದು ಎಣಿಸಿದ್ದ ಮನೆಗಳನ್ನೂ ಕೆಡವಿತು. ಗೆರೆ ಎಳೆದವರನ್ನು ದೂರಲು ನನಗೆ ಮನಸ್ಸಿಲ್ಲ. ಹಿಂದೆ ಹಿಮ ಎಲ್ಲಿಯವರೆಗೆ ಬಂದಿತ್ತೆಂಬುದೇ ಅವರಿಗೆ ದೊಡ್ಡ ಆಧಾರ. ಈ ಸಲ ಬಂದುದು ಆ ನೆನಪನ್ನೂ ಮೀರಿತ್ತು.

ಹೂತುಹೋದವರಿಗೆ ಮೊದಲ ಕಾಲುಗಂಟೆ ಕಳೆಯಿತೆಂದರೆ ಉಸಿರು ಕಟ್ಟಿ ಬದುಕುವ ಆಸೆ ಬೇಗಬೇಗನೆ ಕುಂದುತ್ತದೆ. ಹೆಲಿಕಾಪ್ಟರುಗಳು ಬಂದದ್ದು ಮರುದಿನ. ಅಲ್ಲಿಯವರೆಗೆ ಊರವರೂ ಅತಿಥಿಗಳೂ ಒಟ್ಟಾಗಿ ಹಿಮವನ್ನು ಅಗೆದರು. ಆ ಮರುದಿನವೇ ಅದೇ ಕಣಿವೆಯ ವಾಲ್ಜುರ್ ಎಂಬಲ್ಲಿ ಇನ್ನೊಂದು ರಾಶಿ ಇಳಿದು 7 ಜನರನ್ನು ಕೊಂದಿತು.

ಈಗ ಗಾಲ್ಟ್ಯೂರಿನಲ್ಲಿ 345 ಮೀಟರ್ ಉದ್ದದ ತಡೆಗೋಡೆಯಿದೆ. ಅದಕ್ಕೆ ಹೊಂದಿಕೊಂಡೇ ಒಂದು ವಸ್ತುಸಂಗ್ರಹಾಲಯವನ್ನೂ ಕಟ್ಟಿದ್ದಾರೆ.

ವಿದ್ಯಾರ್ಥಿಗೆ, "ಎರಡನೆಯದನ್ನು ಹಿಮಕುಸಿತವೆನ್ನು, ಮಲೆನಾಡಿನವನಾದ ನಿನಗೆ ಭೂಕುಸಿತ ಗೊತ್ತಷ್ಟೆ?" ಎಂದೆ. ಅವನು ತಲೆಯಾಡಿಸಿ ಬರೆದುಕೊಂಡನು.