ತುಕ್ಕು ಹಿಡಿಯದ ಉಕ್ಕೆಂಬ ಸುಳ್ಳು

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲವೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಹಾಗೆ ಬರೆದವರಿಗೆ ಪೂರ್ಣಾಂಕವನ್ನೂ ಕೊಟ್ಟಿದ್ದೇನೆ.

ಅಂಥ ಅಂಕ ಪಡೆದ ಶಿಷ್ಯನೊಬ್ಬ ಕಳೆದ ತಿಂಗಳು ಸಿಯಾಟಲ್‌ನಿಂದ ಫೋನ್ ಮಾಡಿದ್ದ. 1980ರ ದಶಕದಲ್ಲಿ ಕಟ್ಟಿದ 32 ಅಡಿಯ ಹಾಯಿದೋಣಿಯೊಂದನ್ನು ಕೊಂಡು, ಹೆಂಡತಿ ಮಕ್ಕಳೊಡನೆ ಶಾಂತಸಾಗರದಲ್ಲಿ ದೂರ ಪಯಣಿಸುವುದು ಅವನ ಆಸೆ. ಒಳಗಿನ ಮರಗೆಲಸ, ಹಾಸಿಗೆ, ಒಲೆ ಎಲ್ಲವನ್ನೂ ವರ್ಣಿಸಿದ. ಹಾಯಿ ಕಟ್ಟುವ ಕಂಬವನ್ನು, ಅಂದರೆ ಕೂವೆಮರವನ್ನು, ಎಳೆದು ನಿಲ್ಲಿಸಿರುವ ತಂತಿಗಳಿಗೆ ವಯಸ್ಸೆಷ್ಟೆಂದು ಕೇಳಿದೆ. "ದೋಣಿಯಷ್ಟೇ ಹಳೆಯವಂತೆ ಸರ್. ಆದರೆ ಸ್ಟೇನ್‌ಲೆಸ್ ಅಲ್ಲವೇ? ಕನ್ನಡಿಯ ಹಾಗೆ ಹೊಳೆಯುತ್ತಿವೆ. ನೀವೇ ಕಲಿಸಿದ್ದಲ್ಲವೇ!"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ದೋಣಿ ನಡೆಸಲು ನಾನರಿಯೆ. ಲೋಹದ ಗುಣವನ್ನಷ್ಟೇ ಬಲ್ಲೆ.

ಈ ಉಕ್ಕನ್ನು ಕಾಯುವುದು ಅದರ ಮೈಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಪೊರೆ ಹರಿದರೆ ಆಮ್ಲಜನಕ ಸಿಕ್ಕೊಡನೆ ಮತ್ತೆ ಬೆಳೆಯುತ್ತದೆ. ಗಾಳಿಯಾಡದೆ ಉಪ್ಪುನೀರು ನಿಂತ ಸಂದಿಯಲ್ಲಿ ಬೆಳೆಯಲಾರದು. ಹಾಯಿದೋಣಿಯಲ್ಲಿ ಅಂಥ ಸಂದಿ ಇರುವುದು ಅತ್ಯಂತ ಅಪಾಯದ ಸ್ಥಳದಲ್ಲಿಯೇ. ತಂತಿಯ ಭಾರವನ್ನೆಲ್ಲ ದೋಣಿಯ ಮೈಗೆ ವರ್ಗಾಯಿಸುವ ಚೈನ್‌ಪ್ಲೇಟ್ ಎಂಬ ಪಟ್ಟಿ ಅನೇಕ ದೋಣಿಗಳಲ್ಲಿ ಡೆಕ್ಕನ್ನು ತೂರಿ ಕೆಳಗಿಳಿಯುತ್ತದೆ. ಸುತ್ತಲಿನ ಅಂಟು ಬಿರಿದರೆ ನೀರು ಅಲ್ಲಿಯೇ ತಂಗಿ, ಪಟ್ಟಿಯನ್ನು ಒಳಗೊಳಗೇ ತಿನ್ನುತ್ತದೆ. ಮೇಲೆ ಹೊಳಪು, ಕೆಳಗೆ ಹೊಳಪು, ನಡುವೆ ಎರಡಂಗುಲ ಗೆದ್ದಲು ತಿಂದ ತೊಲೆ! ಗಾಳಿ ಬೀಸುವ ಕಡೆಯ ಪಟ್ಟಿಯೊಂದು ತುಂಡಾದರೆ ಕೂವೆಮರವೇ ಉರುಳೀತು.

"ಇಷ್ಟು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತದೆ" ಎಂದನಂತೆ ದಲ್ಲಾಳಿ. ಎಂಥ ತರ್ಕ! ನಮ್ಮೂರ ತೇರಿನ ಮಿಣಿಯನ್ನು ಹೋದ ವರ್ಷ ತಡೆಯಿತೆಂದು ಯಾರೂ ಹಾಗೆಯೇ ಬಿಡುವುದಿಲ್ಲ. ಪ್ರತಿ ವರ್ಷ ಎಳೆಯೆಳೆಯಾಗಿ ನೋಡುತ್ತಾರೆ. ಅಲೆಯ ಒಂದೊಂದು ಏಟಿಗೂ ಲೋಹ ದಣಿಯುತ್ತದೆ. ಅದಕ್ಕೆಂದೇ ಹತ್ತು ಹದಿನೈದು ವರ್ಷಕ್ಕೊಮ್ಮೆ ತಂತಿ ಬದಲಿಸುವ ವಾಡಿಕೆಯಿದೆ. ಹಳೆಯ ತಂತಿಯ ದೋಣಿಗೆ ವಿಮೆ ಕೊಡಲು ಹಿಂಜರಿಯುವ ಕಂಪನಿಗಳೂ ಉಂಟು. ಇನ್ನು ಸರ್ವೇಯರ್ ಮಹಾಶಯರು! ಡೆಕ್ಕಿನ ಮೇಲೆ ನಿಂತು, ಕತ್ತೆತ್ತಿ ನೋಡಿ, ಮೇಲೆ ಹತ್ತಿಲ್ಲವೆಂದು ವರದಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬರೆದು ಶುಲ್ಕ ಪಡೆಯುವವರು ಕಡಿಮೆಯಿಲ್ಲ. ಮರ ಹತ್ತದೆ ತೆಂಗಿನಕಾಯಿ ಎಣಿಸಿದಂತೆ.

ಶಿಷ್ಯನಿಗೆ ಪತ್ರ ಬರೆದಿದ್ದೇನೆ: ತಂತಿಯುದ್ದಕ್ಕೂ ಬಟ್ಟೆ ಸವರು, ಹತ್ತೊಂಬತ್ತು ಎಳೆಗಳಲ್ಲಿ ಒಂದು ಮುರಿದು ಬಟ್ಟೆಗೆ ಸಿಕ್ಕಿದರೂ ಆ ತಂತಿ ಕಸಕ್ಕೆ. ತುದಿಯ ಲೋಹದ ಕೊಳವೆಗಳಲ್ಲಿ ಬಿರುಕುಂಟೇ ಎಂದು ಭೂತಗನ್ನಡಿಯಲ್ಲಿ ನೋಡು. ಒಂದು ಚೈನ್‌ಪ್ಲೇಟನ್ನಾದರೂ ಕಳಚಿ ತೋರಿಸೆನ್ನು. ಒಪ್ಪದಿದ್ದರೆ ಹೊಸ ತಂತಿ, ಹೊಸ ಪಟ್ಟಿಗಳ ವೆಚ್ಚವನ್ನೆಲ್ಲ ಬೆಲೆಯಲ್ಲಿ ಕಳೆ. ಅದಕ್ಕೂ ಒಪ್ಪದಿದ್ದರೆ ಎದ್ದು ಬಾ.

ಮಾರುವವನು ಕಳಚಲು ಒಪ್ಪಿಲ್ಲವೆಂದು ನಿನ್ನೆ ಉತ್ತರ ಬಂದಿದೆ. ಹುಡುಗ ಇನ್ನೂ ಯೋಚಿಸುತ್ತಿದ್ದಾನಂತೆ.