ಜೀವವಿಕಾಸವೂ ಹತ್ತನೆಯ ತರಗತಿಯೂ

ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ಹತ್ತನೆಯ ತರಗತಿಯೆಂಬುದು ಒಂದು ಹೊಳೆಯಿದ್ದಂತೆ. ಕೆಲವರು ಅದನ್ನು ದಾಟಿ ಕಾಲೇಜಿಗೆ ಬರುತ್ತಾರೆ. ಉಳಿದವರು ಹೊಲಕ್ಕೋ, ಶಹಾಬಾದಿನ ಕಲ್ಲುಗಣಿಗೋ, ವಾಡಿಯ ಸಿಮೆಂಟು ಕಾರ್ಖಾನೆಗೋ ಹೊರಳುತ್ತಾರೆ. ದಾಟಿದವರಲ್ಲಿಯೂ ಜೀವಶಾಸ್ತ್ರವನ್ನು ಆರಿಸಿಕೊಳ್ಳುವವರು ಕೆಲವರೇ. ಆದುದರಿಂದ ಹತ್ತನೆಯ ತರಗತಿಯ ಪುಸ್ತಕದಿಂದ ಒಂದು ಪಾಠವು ಜಾರಿಹೋದರೆ ಬಹುಮಂದಿಗೆ ಅದು ಜೀವಮಾನಕ್ಕೇ ಜಾರಿಹೋದಂತೆ.

ಅಂತಹ ಪಾಠವೊಂದು ಜಾರಿಹೋಯಿತು. ವಿದ್ಯಾರ್ಥಿಗಳ ಹೊರೆಯನ್ನು ಇಳಿಸುವ ಕಾರಣ ಹೇಳಿ ಎನ್‌ಸಿಇಆರ್‌ಟಿಯು ತನ್ನ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅನುವಂಶೀಯತೆಯನ್ನು ಉಳಿಸಿಕೊಂಡು ಜೀವವಿಕಾಸವನ್ನು ಕೈಬಿಟ್ಟಿತು. 2023ರ ಏಪ್ರಿಲಿನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಅದನ್ನು ಮರಳಿ ಸೇರಿಸಬೇಕೆಂದು ಬಹಿರಂಗ ಪತ್ರಕ್ಕೆ ರುಜು ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠವಿದೆಯಲ್ಲ ಎಂಬ ಸಮಾಧಾನವೂ ಬಂದಿತು. ಆದರೆ ಹೊಳೆಯ ಆಚೆ ದಡದಲ್ಲಿ ಬಡಿಸಿದ ಊಟದಿಂದ ಈಚೆ ದಡದವನ ಹಸಿವು ಹಿಂಗುವುದೆ?

ಇದಕ್ಕೆ ಮೊದಲೇ, 2018ರ ಜನವರಿಯಲ್ಲಿ, ಕೇಂದ್ರದ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತವು ತಪ್ಪೆಂದೂ, ವಾನರನು ಮಾನವನಾದುದನ್ನು ಕಂಡವರಿಲ್ಲವೆಂದೂ ನುಡಿದಿದ್ದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಆ ಮಾತನ್ನು ಅಲ್ಲಗಳೆದವು. ‘ಕಂಡವರಿಲ್ಲ’ ಎಂಬ ಆಕ್ಷೇಪಣೆಗೆ ಕನ್ನಡದ ಅಧ್ಯಾಪಕನಾದ ನಾನೂ ಒಂದು ಉತ್ತರವನ್ನು ಕೊಡಬಲ್ಲೆ.

ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ; ಕವಿರಾಜಮಾರ್ಗವು ಹುಟ್ಟಿದುದು ಆ ಅರಸರ ಆಸ್ಥಾನದಲ್ಲಿ. ಅಂದಿನ ಕನ್ನಡದಲ್ಲಿ ಹಾಲು ‘ಪಾಲ್’, ಹಾವು ‘ಪಾವು’. ಪಕಾರವು ಹಕಾರವಾದ ದಿನವನ್ನು ಯಾರಾದರೂ ಕಂಡರೆ? ಇಲ್ಲ. ಯಾವ ತಾಯಿಯೂ ತನ್ನ ಮಗುವು ಬೇರೊಂದು ಭಾಷೆಯನ್ನಾಡಿತೆಂದು ಬೆಚ್ಚಲಿಲ್ಲ. ಆದರೂ ಎರಡು ರೂಪಗಳೂ ಬೆರೆತಿರುವ ಶಾಸನಗಳಿವೆ. ತಮಿಳರ ‘ಪಾಂಬು’, ಗಡಿಯಾಚೆಯ ತೆಲುಗರ ‘ಪಾಮು’ ಇವೆ. ಇವುಗಳನ್ನು ಹೋಲಿಸಿ, ಮೂರೂ ಒಂದೇ ಮೂಲದ ಕವಲುಗಳೆಂದು ನಾವು ನಿಸ್ಸಂಶಯವಾಗಿ ಹೇಳುತ್ತೇವೆ. ಜೀವಿಗಳ ವಿಷಯದಲ್ಲಿಯೂ ವಿಚಾರಣೆಯ ಕ್ರಮ ಇಂತಹುದೇ. ಮನುಷ್ಯನ ಕೈ, ಬಾವಲಿಯ ರೆಕ್ಕೆ, ತಿಮಿಂಗಿಲದ ಈಜುರೆಕ್ಕೆ ಇವುಗಳೊಳಗೆ ಒಂದೇ ವಿನ್ಯಾಸದ ಎಲುಬುಗಳಿವೆ. ಇಂದಿನ ಕೋತಿಯು ನಮ್ಮ ಅಜ್ಜನಲ್ಲ, ದೂರದ ದಾಯಾದಿ. ತೆಲುಗು ಕನ್ನಡದ ತಾಯಿಯಲ್ಲದೆ ಸೋದರಿಯಾಗಿರುವಂತೆ.

ಶಾಸನಗಳು ಕಲ್ಲಿನಲ್ಲಿರುವಂತೆ ಜೀವದ ದಾಖಲೆಯೂ ಕಲ್ಲಿನಲ್ಲಿದೆ. ನಮ್ಮ ಮನೆಗಳಿಗೆ ಹಾಸಿರುವ ಶಹಾಬಾದಿ ಕಲ್ಲು ಒಂದಾನೊಂದು ಕಡಲಿನ ತಳದ ಸುಣ್ಣದ ಕೆಸರು. ಇದು 54 ಕೋಟಿ ವರ್ಷಗಳಿಗೂ ಹಿಂದಿನದೆಂಬುದು ಭೂವಿಜ್ಞಾನಿಗಳ ಸಾಮಾನ್ಯ ಎಣಿಕೆ. ಈ ಭೀಮಾ ಶಿಲಾಸರಣಿಯಲ್ಲಿ ಮೀನಿನ ಮುಳ್ಳಾಗಲಿ ಮೃಗದ ಹಲ್ಲಾಗಲಿ ಇಲ್ಲ. ಜೇಡಿಪದರಗಳಲ್ಲಿ ಚುವಾರಿಯಾ ಎಂಬ ಕಿರಿಯ ಜೀವಿಯು ಉಳಿಸಿಹೋದ ಚಿಕ್ಕ ಕರಿಯ ಬಿಲ್ಲೆಗಳು ದೊರೆತಿವೆ. ಬಹುಕಾಲದ ಮೇಲೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಇದರ ಮೇಲೆ ದಖನ್ನಿನ ಲಾವಾ ಹರಿಯಿತು. ಚಿಂಚೋಳಿಯ ಕಡೆಯ ಕರಿಗಲ್ಲು ಅದರದೇ. ಗುರುಮಠಕಲ್ಲಿನ ಬಳಿ ಲಾವಾಪದರಗಳ ನಡುವೆ ಸಿಕ್ಕಿದ ಕೆರೆಯ ಕೆಸರಿನಲ್ಲಿ ಸಿಹಿನೀರಿನ ಚಿಪ್ಪುಜೀವಿಗಳ ಅವಶೇಷಗಳಿವೆ. ಕೆಳಗಿನ ಪುಟದಲ್ಲಿ ಸರಳ ಜೀವಿ, ಮೇಲಿನ ಪುಟದಲ್ಲಿ ಸಂಕೀರ್ಣ ಜೀವಿ: ಲೋಕದ ಎಲ್ಲೆಡೆಯೂ ಇದೇ ಕ್ರಮ. ಶಹಾಬಾದಿ ಕಲ್ಲಿನೊಳಗೆ ಒಂದು ಮೊಲದ ಎಲುಬು ದೊರೆತರೆ ಈ ಸಿದ್ಧಾಂತವೇ ಅಲುಗಾಡೀತು. ಇಷ್ಟು ಕಾಲ ಕಲ್ಲನ್ನು ಸೀಳಿದರೂ ಅಂತಹುದು ದೊರೆತಿಲ್ಲ.

ಇನ್ನು ಈ ಬದಲಾವಣೆಯ ಬಗೆ ಹೇಗೆ? ಇದನ್ನರಿಯಲು ತೊಗರಿಯ ಹೊಲಕ್ಕೆ ಹೋದರೆ ಸಾಕು. ನೆಟೆರೋಗಕ್ಕೆ ಹೊಲವೆಲ್ಲ ಒಣಗಿದಾಗಲೂ ಕೆಲವು ಗಿಡಗಳು ಹಸಿರಾಗಿ ನಿಲ್ಲುವುದುಂಟು. ಅಂತಹವುಗಳ ಬೀಜವನ್ನು ಆರಿಸಿ, ಬಿತ್ತಿ, ಮತ್ತೆ ಆರಿಸಿ ತಳಿಗಳನ್ನು ಪಡೆಯುತ್ತಾರೆ. ನೆಟೆರೋಗವನ್ನು ತಡೆಯುವ ‘ಮಾರುತಿ’ ತಳಿಯು 1986ರಲ್ಲಿ ನಮ್ಮ ರೈತರ ಕೈಸೇರಿತು. ಇದು ಮನುಷ್ಯನ ಆಯ್ಕೆ. 1859ರ ತನ್ನ ಗ್ರಂಥವನ್ನು ಡಾರ್ವಿನ್ನನೂ ಇಂತಹ ಆಯ್ಕೆಯಿಂದಲೇ ಆರಂಭಿಸಿದನು.

ಅದೇ ಹೊಲದ ಕಾಯಿಕೊರಕ ಹುಳುವನ್ನು ನೋಡಿ. ಹತ್ತಿ, ಕಡಲೆ, ತೊಗರಿ ಮೂರನ್ನೂ ತಿನ್ನುವ ಈ ಹುಳುವಿನ ಮೇಲೆ ಪೈರೆತ್ರಾಯ್ಡ್ ಎಂಬ ಔಷಧಿಗಳು 1980ರ ದಶಕದ ಕೊನೆಗೆ ನೆರೆಯ ಆಂಧ್ರದ ಹತ್ತಿಯ ಹೊಲಗಳಲ್ಲಿ ಸೋತುಹೋದವು. ಔಷಧಿಯು ಹುಳುವಿಗೆ ಬಲವನ್ನು ಕೊಟ್ಟಿತೆ? ಇಲ್ಲ. ಹುಳುಗಳೆಲ್ಲ ಒಂದೇ ತೆರನಲ್ಲ; ವಿಷವನ್ನು ತಾಳಬಲ್ಲ ಕೆಲವು ಮೊದಲೇ ಇದ್ದವು. ಉಳಿದವು ಸತ್ತವು, ಇವು ಬದುಕಿ ನೂರಾರು ಮೊಟ್ಟೆಯಿಟ್ಟವು. ಮರಿಗಳು ತಾಯಿತಂದೆಗಳ ಗುಣವನ್ನು ಪಡೆದವು. ತಲೆಮಾರಿಗೆ ತಿಂಗಳೊಂದು ಸಾಕಾಗುವ ಪ್ರಾಣಿಯಲ್ಲಿ, ಕೆಲವೇ ವರ್ಷಗಳೊಳಗೆ ವಿರಳವಾಗಿದ್ದುದು ಸಾಮಾನ್ಯವಾಯಿತು. ಭೇದ, ಅನುವಂಶ, ಉಳಿವು: ಈ ಮೂರು ಸೇರಿದಲ್ಲಿ ಆರಿಸುವವನಿಲ್ಲದೆಯೇ ಆಯ್ಕೆ ನಡೆಯುತ್ತದೆ. ನಿಸರ್ಗದ ಆಯ್ಕೆಯೆಂದರೆ ಇಷ್ಟೇ.

ಔಷಧಿಯು ಕೈಕೊಟ್ಟ ಕಾಲದಲ್ಲಿ ನಮ್ಮ ಜಿಲ್ಲೆಯ ರೈತರು ತೊಗರಿಯ ಗಿಡವನ್ನು ಅಲುಗಿಸಿ, ಹುಳುಗಳನ್ನು ಹಾಸಿನ ಮೇಲೆ ಕೊಡವಿ ಕೊಲ್ಲುವ ಹಳೆಯ ಪದ್ಧತಿಗೆ ಮರಳಿದರು. ಅನುಭವವು ಅವರಿಗೆ ದಾರಿ ತೋರಿತು. ಆದರೆ ಔಷಧಿಯನ್ನು ಏಕೆ ಬದಲಿಸಬೇಕು, ಅಳತೆಮೀರಿ ಏಕೆ ಸಿಂಪಡಿಸಬಾರದು, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಏಕೆ ಮನಬಂದಂತೆ ನುಂಗಬಾರದು ಎಂಬುದರ ಕಾರಣವು ಆ ಕೈಬಿಟ್ಟ ಪಾಠದಲ್ಲಿದೆ. ಹೊಲಕ್ಕೆ ಮರಳುವ ಹುಡುಗನಿಗೇ ಅದು ಎಲ್ಲರಿಗಿಂತ ಹೆಚ್ಚಾಗಿ ಬೇಕು.

ಒಂದು ತಪ್ಪು ನಮ್ಮ ನುಡಿಯದೂ ಹೌದು. ಗುರುತ್ವಾಕರ್ಷಣೆಗೆ ‘ನಿಯಮ’ವೆಂದೆವು, ಇದಕ್ಕೆ ‘ವಿಕಾಸವಾದ’ವೆಂದೆವು. ‘ವಾದ’ವೆಂದೊಡನೆ ಕೇಳುವವನಿಗೆ ಪ್ರತಿವಾದವೂ ಅಷ್ಟೇ ತೂಕದ್ದೆಂದು ತೋರುತ್ತದೆ. ‘ವಿಕಾಸ’ವೆಂದೊಡನೆ ಮೊಗ್ಗು ಅರಳಿದಂತೆ ಒಂದು ಗೊತ್ತಾದ ಗುರಿಯತ್ತ ಏರುವುದೆಂಬ ಭ್ರಮೆ ಮೂಡುತ್ತದೆ. ಕಾಯಿಕೊರಕಕ್ಕೆ ಯಾವ ಗುರಿಯೂ ಇರಲಿಲ್ಲ. ಉಳಿದುದು ಉಳಿಯಿತು, ಅಷ್ಟೆ. ಹೆಸರನ್ನು ಬದಲಿಸಲಾಗದಿದ್ದರೂ ಅದರ ಅರ್ಥವನ್ನು ತಿಳಿಸುವುದು ಅಧ್ಯಾಪಕರ ಕೈಯಲ್ಲಿದೆ. ಪುಸ್ತಕದಲ್ಲಿ ಪಾಠವಿರಲಿ ಇಲ್ಲದಿರಲಿ, ಕಲ್ಲು ನಮ್ಮ ಶಾಲೆಗಳ ನೆಲದಲ್ಲಿದೆ, ತೊಗರಿಯು ಕಿಟಕಿಯಾಚೆ ಇದೆ. ಬೆರಳು ತೋರುವ ಒಬ್ಬ ಅಧ್ಯಾಪಕರಿದ್ದರೆ ಈಚೆ ದಡದಲ್ಲಿಯೇ ಆ ಪಾಠವು ನಡೆದೀತು.