ಗೆಲ್ಲುವ ಕುದುರೆ ಯಾವುದು?

ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ ಹತ್ತಿರ ಬಂತೆಂದರೆ ಅಲ್ಲಿನ ಪತ್ರಿಕೆ, ಟಿ.ವಿ.ಗಳಲ್ಲಿ ಅಂಕಿಗಳದ್ದೇ ಸುಗ್ಗಿ. ಇಂಥವರು ಗೆಲ್ಲುವ ಸಾಧ್ಯತೆ ಶೇ. 60, ಇಂಥವರದ್ದು ಶೇ. 25, ಉಳಿದವರು ಲೆಕ್ಕಕ್ಕಿಲ್ಲ ಎಂದು ಪಂಡಿತರು ದಿನಾಲೂ ಬರೆಯುತ್ತಾರೆ. ಈ ವಿದ್ಯೆಗೆ ಅವರು ಇಟ್ಟಿರುವ ಹೆಸರು ಕೂಡಾ ಕುದುರೆ ರೇಸಿನಿಂದಲೇ ಬಂದದ್ದು. ಹಣ ಕಟ್ಟಿ ಆಡುವವರೂ ಇದ್ದಾರೆ. ಅಯೋವಾ ವಿಶ್ವವಿದ್ಯಾನಿಲಯವು 1988ರಲ್ಲೇ ಅಧ್ಯಯನದ ಹೆಸರಲ್ಲಿ ಇಂತಹ ಒಂದು ಸಣ್ಣ ಮಾರುಕಟ್ಟೆಯನ್ನು ಆರಂಭಿಸಿತ್ತು. ಹಣ ಕಟ್ಟುವುದು ಜೂಜು, ಅದು ಹರಾಮ್. ಅದರಲ್ಲಿ ನಮಗೆ ಚರ್ಚೆ ಇಲ್ಲ. ಆದರೆ ಹಣವಿಲ್ಲದ ಬರೀ ಅಂದಾಜಿನ ಬಗ್ಗೆ ಸ್ವಲ್ಪ ಯೋಚಿಸಬೇಕು. ಯಾಕೆಂದರೆ ಅದನ್ನು ನಂಬಿ ಮತ ಹಾಕಲು ಹೋಗದೆ ಮನೆಯಲ್ಲೇ ಉಳಿಯುವವರಿರುತ್ತಾರೆ.

ಫಿಕ್ಹ್ ಓದಿದವರಿಗೆ ಯಕೀನ್, ಝನ್ನ್, ಶಕ್, ವಹ್ಮ್ ಎಂಬ ನಾಲ್ಕು ಮಾತುಗಳು ಗೊತ್ತು. ಖಚಿತವಾಗಿ ತಿಳಿದದ್ದು ಯಕೀನ್. ಒಂದು ಕಡೆಗೆ ತಕ್ಕಡಿ ವಾಲಿದರೆ ಆ ಕಡೆಯದ್ದು ಝನ್ನ್, ಮೇಲೆದ್ದ ತಟ್ಟೆಯದ್ದು ವಹ್ಮ್. ಎರಡೂ ಸಮವಾಗಿದ್ದರೆ ಶಕ್. ವುಝೂ ಮಾಡಿದ್ದು ಖಚಿತವಿದ್ದು, ಮುರಿಯಿತೋ ಏನೋ ಎಂಬ ಸಂಶಯ ಮಾತ್ರ ಇದ್ದರೆ ವುಝೂ ಉಳಿಯುತ್ತದೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತಿರುವ ಮಸ್‌ಅಲ. ಇದೇ ತಕ್ಕಡಿಯಲ್ಲಿ ತೂಗಿದರೆ ಶೇ. 60 ಎಂಬುದು ಝನ್ನ್. ಶೇ. 99 ಆದರೂ ಅದು ಝನ್ನೇ.

ಪ್ರೈಮರಿ ಎಂದರೆ ಪಕ್ಷದೊಳಗಿನ ಚುನಾವಣೆ. ನಮ್ಮಲ್ಲಿ ಅಭ್ಯರ್ಥಿಯನ್ನು ಹೈಕಮಾಂಡ್ ಆರಿಸುತ್ತದೆ, ಅಲ್ಲಿ ಮತದಾರರು ಆರಿಸುತ್ತಾರೆ. ಒಂದೇ ದಿನ ಅಲ್ಲ, ರಾಜ್ಯದಿಂದ ರಾಜ್ಯಕ್ಕೆ ತಿಂಗಳುಗಟ್ಟಲೆ ನಡೆಯುತ್ತದೆ. ಅಂದಾಜು ಕೆಡುವುದು ಇಲ್ಲಿಯೇ. ಮೊದಲ ರಾಜ್ಯದ ಫಲಿತಾಂಶ ಎರಡನೆಯ ರಾಜ್ಯದವರ ಮನಸ್ಸನ್ನು ಬದಲಿಸುತ್ತದೆ, ಸೋತವರು ಹಿಂದೆ ಸರಿಯುತ್ತಾರೆ, ಅವರ ಮತ ಯಾರಿಗೆ ಹೋಗುತ್ತದೆಂದು ಹೇಳುವುದು ಕಷ್ಟ.

2008ರ ಜನವರಿ 3ರಂದು ಅಯೋವಾದಲ್ಲಿ ಬರಾಕ್ ಒಬಾಮ ಗೆದ್ದರು. ಹಿಲರಿ ಕ್ಲಿಂಟನ್ ಮೂರನೇ ಸ್ಥಾನಕ್ಕೆ ಇಳಿದರು. ಐದು ದಿನಗಳ ನಂತರದ ನ್ಯೂ ಹ್ಯಾಂಪ್‌ಶೈರ್‌ನಲ್ಲೂ ಒಬಾಮರದ್ದೇ ಗೆಲುವೆಂದು ಸಮೀಕ್ಷೆಗಳು ಸಾರಿದವು. ಗೆದ್ದದ್ದು ಹಿಲರಿ. ಇನ್ನೊಂದು ತಮಾಷೆ ನೋಡಿ. ಅಲ್ಲಿ ಬೇಕಾಗುವುದು ಗೆಲುವಿನ ಸುದ್ದಿಗಿಂತ ಹೆಚ್ಚಾಗಿ ಪಕ್ಷದ ಸಮ್ಮೇಳನಕ್ಕೆ ಹೋಗುವ ಪ್ರತಿನಿಧಿಗಳ ಸಂಖ್ಯೆ. ಡೆಮಾಕ್ರಟಿಕ್ ಪಕ್ಷದಲ್ಲಿ ಅದನ್ನು ಮತದ ಪ್ರಮಾಣಕ್ಕೆ ತಕ್ಕಂತೆ ಹಂಚುತ್ತಾರೆ. ಅದೇ ಫೆಬ್ರವರಿ 5ರಂದು ದೊಡ್ಡ ರಾಜ್ಯ ನ್ಯೂಜೆರ್ಸಿಯಲ್ಲಿ ಗೆದ್ದ ಹಿಲರಿಗೆ ಸಿಕ್ಕಿದ ಮುನ್ನಡೆ 11 ಪ್ರತಿನಿಧಿಗಳದ್ದು. ಪುಟ್ಟ ಇಡಾಹೊದಲ್ಲಿ ಗೆದ್ದ ಒಬಾಮರಿಗೆ 12. ಟಿ.ವಿ.ಯವರು ನ್ಯೂಜೆರ್ಸಿಯನ್ನೇ ದೊಡ್ಡದು ಮಾಡಿ ತೋರಿಸುತ್ತಿದ್ದಾಗ ಒಬಾಮರ ಕಡೆಯವರು ಇಡಾಹೊದ ಲೆಕ್ಕ ಹಾಕುತ್ತಿದ್ದರು. ಅಡುಗೆಮನೆಯ ಖರ್ಚು ನಿಭಾಯಿಸುವ ಯಾವ ಗೃಹಿಣಿಗೂ ಈ ಜಾಣತನವನ್ನು ವಿವರಿಸಬೇಕಾಗಿಲ್ಲ.

2020ರಲ್ಲಿ ಜೋ ಬೈಡನ್ ಅಯೋವಾದಲ್ಲಿ ನಾಲ್ಕನೆಯವರು, ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೆಯವರು. ಅವರ ಕಥೆ ಮುಗಿಯಿತೆಂದು ಬರೆದವರು ಅನೇಕರು. ಫೆಬ್ರವರಿ 29ರಂದು ಸೌತ್ ಕೆರೊಲಿನಾದ ಕಪ್ಪುವರ್ಣೀಯ ಮತದಾರರು ಅವರನ್ನು ಎತ್ತಿ ನಿಲ್ಲಿಸಿದರು. ಮೂರು ದಿನಗಳ ನಂತರ 14 ರಾಜ್ಯಗಳಲ್ಲಿ 10 ಅವರ ಪಾಲಾದವು.

ಆದರೆ ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರವಾಗುವುದು ಮಿಚಿಗನ್. ಆ ರಾಜ್ಯದ ಡಿಯರ್‌ಬಾರ್ನ್ ನಗರದಲ್ಲಿ ಲೆಬನಾನ್, ಯಮನ್, ಇರಾಕ್ ಮೂಲದ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. 2016ರ ಮಾರ್ಚ್ 8ರ ಪ್ರೈಮರಿಗೆ ಮುಂಚೆ ಹಿಲರಿ ಅಲ್ಲಿ ಸುಮಾರು 20 ಅಂಶ ಮುಂದಿದ್ದಾರೆಂದು ಸಮೀಕ್ಷೆಗಳು ಹೇಳಿದ್ದವು. ಹೆಸರಾಂತ ಲೆಕ್ಕಾಚಾರದ ಸಂಸ್ಥೆಯೊಂದು ಅವರ ಗೆಲುವಿನ ಸಾಧ್ಯತೆ ಶೇ. 99ಕ್ಕೂ ಮೇಲೆ ಎಂದಿತ್ತು. ಗೆದ್ದದ್ದು ಬರ್ನೀ ಸ್ಯಾಂಡರ್ಸ್, ಅಂತರ ಶೇ. 2ಕ್ಕೂ ಕಡಿಮೆ. ಯುವಕರು ಇಷ್ಟೊಂದು ಮಂದಿ ಬರುತ್ತಾರೆಂದು ಸಮೀಕ್ಷೆಯವರು ಎಣಿಸಿರಲಿಲ್ಲ. ಮನೆಯ ದೂರವಾಣಿಗೆ ಮಾತ್ರ ಕರೆ ಮಾಡಿ ಅಭಿಪ್ರಾಯ ಕೇಳಿದವರೂ ಇದ್ದರು. ಹುಡುಗ ಹುಡುಗಿಯರ ಬಳಿ ಇದ್ದದ್ದು ಮೊಬೈಲ್. ಡಿಯರ್‌ಬಾರ್ನ್ ಕೂಡಾ ಸ್ಯಾಂಡರ್ಸ್‌ರನ್ನೇ ಆರಿಸಿತು. ಅರಬರು, ಮುಸ್ಲಿಮರು ಒಬ್ಬ ಯಹೂದಿಗೆ ಮತ ಹಾಕುವುದೇ ಎಂದು ಮರುದಿನ ಪತ್ರಕರ್ತರು ಅಚ್ಚರಿಪಟ್ಟರು. ಅವರ ಅಚ್ಚರಿಯೇ ನನಗೆ ಅಚ್ಚರಿ. ಅಭ್ಯರ್ಥಿ ಏನು ಹೇಳುತ್ತಾನೆ ಎಂದು ಕೇಳಿ ಮತ ಹಾಕುವಷ್ಟು ಬುದ್ಧಿ ಇವರಿಗೂ ಇದೆ ಎಂದು ಯಾಕೆ ತೋಚಲಿಲ್ಲ?

ಶೇ. 99ರ ಮಾತು ಕೇಳಿ, ಹೇಗೂ ಸೋಲುವವರಿಗೆ ಹಾಕುವ ಮತ ದಂಡವೆಂದು ಆ ಊರಿನ ಜನ ಮನೆಯಲ್ಲೇ ಕುಳಿತಿದ್ದರೆ ಅಂದಾಜು ತಾನಾಗಿಯೇ ನಿಜವಾಗುತ್ತಿತ್ತು. ಹವಾಮಾನ ವರದಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ವರದಿಯನ್ನು ಕೇಳಿ ಮಳೆ ತನ್ನ ನಿರ್ಧಾರ ಬದಲಿಸುವುದಿಲ್ಲ.

2024ರಲ್ಲಿ ಅದೇ ಮಿಚಿಗನ್‌ನಲ್ಲಿ ಊಹಿಸಲು ಏನೂ ಇರಲಿಲ್ಲ. ಅಧ್ಯಕ್ಷ ಬೈಡನ್‌ರಿಗೆ ಪಕ್ಷದಲ್ಲಿ ಹೇಳಿಕೊಳ್ಳುವಂಥ ಎದುರಾಳಿಯೇ ಇಲ್ಲ. ಗಾಝಾದ ಮೇಲೆ ಬಾಂಬುಗಳು ಬೀಳುತ್ತಿದ್ದವು. ಮತಪತ್ರದಲ್ಲಿ 'ಯಾರಿಗೂ ಬದ್ಧರಲ್ಲ' ಎಂಬ ಒಂದು ಆಯ್ಕೆ ಇತ್ತು. ಅದನ್ನು ಗುರುತಿಸಿ ಎಂದು ಕೆಲವರು ಮನೆಮನೆಗೆ, ಮಸೀದಿಗಳಿಗೆ ಹೋಗಿ ಕೇಳಿಕೊಂಡರು. ಹತ್ತು ಸಾವಿರ ಮತ ಬಂದರೆ ಸಾಕು ಎಂದಿದ್ದರು. ಫೆಬ್ರವರಿ 27ರಂದು ಬಂದದ್ದು ಒಂದು ಲಕ್ಷಕ್ಕೂ ಹೆಚ್ಚು. ಡಿಯರ್‌ಬಾರ್ನ್‌ನಲ್ಲಿ ಬೈಡನ್‌ರಿಗಿಂತಲೂ ಹೆಚ್ಚು ಮತ ಆ ಖಾಲಿ ಹೆಸರಿಗೇ ಬಿತ್ತು. ಬೈಡನ್ ಗೆಲ್ಲುತ್ತಾರೆ ಎಂದವರ ಅಂದಾಜು ನೂರಕ್ಕೆ ನೂರು ಸರಿಯಾಗಿತ್ತು, ಅವರು ಗೆದ್ದರು. ಆದರೂ ಆ ರಾತ್ರಿಯ ಸುದ್ದಿ ಅವರ ಗೆಲುವಾಗಿರಲಿಲ್ಲ.

ಒಂದು ಲಕ್ಷ ಮತಕ್ಕೆ ಮಿಚಿಗನ್‌ನಿಂದ ಸಿಕ್ಕಿದ್ದು ಇಬ್ಬರು ಪ್ರತಿನಿಧಿಗಳು. ಬೇರೆ ರಾಜ್ಯಗಳದ್ದೂ ಸೇರಿ ಸುಮಾರು ಮೂವತ್ತು. ಜುಲೈಯಲ್ಲಿ ಬೈಡನ್ ಕಣದಿಂದ ಹಿಂದೆ ಸರಿದರು. ಆಗಸ್ಟ್‌ನಲ್ಲಿ ಶಿಕಾಗೋದಲ್ಲಿ ನಡೆದ ಪಕ್ಷದ ಸಮ್ಮೇಳನದಲ್ಲಿ ಒಬ್ಬ ಫೆಲೆಸ್ತೀನ್ ಮೂಲದ ಅಮೆರಿಕನ್‌ಗೆ ಕೆಲವು ನಿಮಿಷ ಮಾತಾಡಲು ಅವಕಾಶ ಕೊಡಿ ಎಂದು ಈ ಪ್ರತಿನಿಧಿಗಳು ಕೇಳಿದರು. ಕೊಡಲಿಲ್ಲ. ಅವರು ಸಭಾಂಗಣದ ಹೊರಗೆ ನೆಲದ ಮೇಲೆ ಕುಳಿತು ರಾತ್ರಿ ಕಳೆದರು.